ಊಟದ ಡಬ್ಬಿ ಹಿಡಿದು ಬಂದ ಹಾಡುಗಾರ

ಪ್ರಶ್ನೆ: ನನಗೆ 34 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷಿನ್ ಆಪರೇಟರ್. ಶಿಫ್ಟ್ ಮುಗಿದ ಮೇಲೆ ಹಾಡು ಬರೆಯುತ್ತೇನೆ. ಗಿಟಾರ್‌ನಲ್ಲಿ ನಾಲ್ಕೈದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಿಟ್ಟರೆ ಬೇರೆ ಬರುವುದಿಲ್ಲ. ಸ್ನೇಹಿತನೊಬ್ಬ ಅಮೆರಿಕದ ಸೋಲ್ ಹಾಡುಗಾರ ಬಿಲ್ ವಿದರ್ಸ್ ಅವರ ಹಾಡುಗಳನ್ನು ಕಳಿಸಿ, "ಇವರೂ ನಿನ್ನ ಹಾಗೇ ಫ್ಯಾಕ್ಟರಿಯವರು ಕಣೋ" ಎಂದ. ಕೇಳಿ ಮರುಳಾಗಿಬಿಟ್ಟೆ. ಆದರೆ 47ರ ಹೊತ್ತಿಗೆ ಅವರು ಆಲ್ಬಮ್ ಮಾಡುವುದನ್ನೇ ಬಿಟ್ಟರು ಅಂತ ಓದಿ ಬೇಜಾರಾಯಿತು. ಅಷ್ಟು ತಡವಾಗಿ ಬಂದವರು ಅಷ್ಟು ಬೇಗ ಯಾಕೆ ಹೋದರು? ಸೋಲ್ ಸಂಗೀತ ಅಂದರೆ ನಿಜಕ್ಕೂ ಏನು? ನನ್ನಂಥವರು ಅವರಿಂದ ಕಲಿಯುವುದು ಏನಾದರೂ ಇದೆಯಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ನಾನು ಜಾಸ್ತಿ ಹೊತ್ತು ನಿಲ್ಲುವುದು ಮೊದಲನೆಯದರ ಹತ್ತಿರ. ಬಿಲ್ ವಿದರ್ಸ್ ಯಾಕೆ ಹೋದರು ಅನ್ನುವುದು ತಿಳಿಯಬೇಕಾದರೆ ಅವರು ಹೇಗೆ ಬಂದರು ಅಂತ ನೋಡಬೇಕು. ಮೊದಲ ಆಲ್ಬಮ್ ಹೊರಬಂದಾಗ ಅವರಿಗೆ 32 ವರ್ಷ. ಕೈಯಲ್ಲಿ ಕಸುಬಿತ್ತು. ದುಡಿದು ತಿನ್ನುವುದು ಗೊತ್ತಿತ್ತು. ಹಾಡು ಕೈಹಿಡಿಯದಿದ್ದರೆ ನಾಳೆ ಮತ್ತೆ ಸ್ಪ್ಯಾನರ್ ಹಿಡಿಯುತ್ತೇನೆ ಅನ್ನುವ ಧೈರ್ಯ ಮೊದಲ ದಿನದಿಂದಲೇ ಇತ್ತು. ಆ ಹಾಡುಗಳಲ್ಲಿ ಯಾರನ್ನೂ ಮೆಚ್ಚಿಸುವ ಆತುರ ಕಾಣದಿರುವುದಕ್ಕೆ ಅದೇ ಕಾರಣ. ಎದ್ದು ಹೋಗಲು ಆಗಿದ್ದೂ ಅದರಿಂದಲೇ ಅಂತ ನನ್ನ ನಂಬಿಕೆ.

ಅವರು ಹುಟ್ಟಿದ್ದು 1938ರ ಜುಲೈ 4ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಆರು ಮಕ್ಕಳಲ್ಲಿ ಕೊನೆಯವರು. ಅಪ್ಪ ಗಣಿ ಕಾರ್ಮಿಕ. ಅಪ್ಪ ಅಮ್ಮ ಬೇರೆಯಾದ ಮೇಲೆ ಹತ್ತಿರದ ಬೆಕ್ಲಿ ಎಂಬ ಪಟ್ಟಣದಲ್ಲಿ ಅಮ್ಮನ ಕಡೆಯವರ ಜೊತೆ ಬೆಳೆದರು. ಹುಡುಗನಿಗೆ 13 ವರ್ಷವಾದಾಗ ಅಪ್ಪ ತೀರಿಕೊಂಡರು. ಇದರ ಜೊತೆಗೆ ಮಾತು ತೊದಲುತ್ತಿತ್ತು. ಮಾತು ಶುರು ಮಾಡಿದರೆ ಮುಗಿಯುವುದು ಯಾವಾಗಲೋ, ಎದುರಿಗಿದ್ದವರ ಮುಖದಲ್ಲಿ ಅಸಹನೆ. ಅಂಥ ಹುಡುಗನನ್ನು ಜನ ದಡ್ಡ ಅಂದುಕೊಂಡುಬಿಡುತ್ತಾರೆ ಅಲ್ವಾ? ಹಾಗೆ ಅಂದುಕೊಳ್ಳದೆ ಇದ್ದದ್ದು ಅಮ್ಮನ ತಾಯಿ ಲೂಲಾ. ಮೊಮ್ಮಗನ ಬೆನ್ನಿಗೆ ನಿಂತ ಆ ಅಜ್ಜಿಯ ಬಗ್ಗೆ ಅವರು ಮುಂದೆ ಬರೆದ 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಹೆಚ್ಚು ಕಡಿಮೆ ಎರಡೇ ನಿಮಿಷದ ಹಾಡು. ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಕೈ, ಓಡಬೇಡ ಬಿದ್ದೀಯ ಅಂತ ತಡೆಯುವ ಕೈ, ಬಾವು ಬಂದು ನೋಯುವ ಕೈ. ಹಾಡಿನಲ್ಲಿ ಇರುವುದು ಇಷ್ಟೇ. ಅಜ್ಜಿ ದೇವತೆ, ತ್ಯಾಗಮಯಿ ಅಂತ ಎಲ್ಲೂ ಹೇಳಿಲ್ಲ.

18 ತುಂಬುವ ಮುಂಚೆಯೇ ನೌಕಾಪಡೆ ಸೇರಿದರು. ಒಂಬತ್ತು ವರ್ಷ ಅಲ್ಲೇ ಇದ್ದು ವಿಮಾನ ರಿಪೇರಿ ಕೆಲಸ ಕಲಿತರು. ತೊದಲು ಹತೋಟಿಗೆ ಬಂದದ್ದೂ ಆ ವರ್ಷಗಳಲ್ಲೇ. 1965ರಲ್ಲಿ ಹೊರಬಂದು ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಹಾಲು ಹಾಕುವ ಕೆಲಸ ಮಾಡಿದರು, ಕಾರ್ಖಾನೆಗಳಲ್ಲಿ ದುಡಿದರು. ಸಂಗೀತದ ಆಸೆ ಹುಟ್ಟಿದ ಬಗ್ಗೆ ಅವರೇ ಒಂದು ಕತೆ ಹೇಳುತ್ತಿದ್ದರು. ಓಕ್‌ಲ್ಯಾಂಡ್‌ನ ಒಂದು ಕ್ಲಬ್‌ನಲ್ಲಿ ಆಗಲೇ ಹೆಸರು ಮಾಡಿದ್ದ ಲೂ ರಾಲ್ಸ್ ಹಾಡಬೇಕಿತ್ತು. ಬರುವುದು ತಡವಾಯಿತು. ಕ್ಲಬ್ಬಿನ ಮ್ಯಾನೇಜರ್ ಚಡಪಡಿಸುತ್ತಾ, ವಾರಕ್ಕೆ ಎರಡು ಸಾವಿರ ಡಾಲರ್ ಕೊಟ್ಟರೂ ಈ ಮನುಷ್ಯ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅಂತ ಗೊಣಗಿದ. ವಿದರ್ಸ್ ಆಗ ದುಡಿಯುತ್ತಿದ್ದದ್ದು ಗಂಟೆಗೆ ಸುಮಾರು ಮೂರು ಡಾಲರ್. ಅವರು ಗಿರವಿ ಅಂಗಡಿಗೆ ಹೋಗಿ ಒಂದು ಹಳೆಯ ಗಿಟಾರ್ ತಂದರು. ಕೆಲಸ ಮುಗಿಸಿ ಬಂದು ಒಬ್ಬರೇ ಕೂತು ಕಲಿಯತೊಡಗಿದರು.

1967ರಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. ಬರ್ಬ್ಯಾಂಕ್‌ನ ವೆಬರ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವರ ಕೆಲಸ ಬೋಯಿಂಗ್ 747 ವಿಮಾನಗಳ ಟಾಯ್ಲೆಟ್ ಜೋಡಿಸುವುದು. ಸಂಬಳ ಉಳಿಸಿ ಡೆಮೊ ಟೇಪ್ ಮಾಡಿಸಿದರು. ಅದನ್ನು ಹಿಡಿದು ಒಂದು ರೆಕಾರ್ಡ್ ಕಂಪನಿಯಿಂದ ಇನ್ನೊಂದಕ್ಕೆ ಅಲೆದರು. ಎಲ್ಲರೂ ಬೇಡ ಅಂತ ಕೈ ಆಡಿಸಿದರು. ಆ ಕಾಲದ ಸೋಲ್ ಹಾಡುಗಾರ ಅಂದರೆ ಹಿಂದೆ ತುತ್ತೂರಿಗಳ ಸಾಲು, ಮೈಮೇಲೆ ಹೊಳೆಯುವ ಬಟ್ಟೆ, ವೇದಿಕೆ ತುಂಬಾ ಕುಣಿತ. ಸ್ಟೂಲ್ ಮೇಲೆ ಕೂತು ಗಿಟಾರ್ ಮೀಟುವ, ಮೂವತ್ತು ದಾಟಿದ ಮನುಷ್ಯನನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು ಅಂತ ಅವರಿಗೆ ಹೊಳೆಯಲಿಲ್ಲ. ಕೊನೆಗೆ ಸಸೆಕ್ಸ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಯ ಕ್ಲಾರೆನ್ಸ್ ಅವಾಂಟ್ ಟೇಪ್ ಕೇಳಿ ಕರಾರು ಮಾಡಿಕೊಂಡರು.

ಇಲ್ಲಿ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಸೋಲ್ ಬಂದದ್ದು ಅಮೆರಿಕದ ಕಪ್ಪು ಜನರ ಚರ್ಚಿನಿಂದ. ಭಾನುವಾರದ ಭಜನೆಯಲ್ಲಿ ಒಬ್ಬರು ಕೂಗಿ ಹಾಡುತ್ತಾರೆ, ಸಭೆ ಉತ್ತರ ಕೊಡುತ್ತದೆ, ಚಪ್ಪಾಳೆಯೇ ತಾಳ. 1950ರ ದಶಕದಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಮುಂತಾದವರು ಆ ರೀತಿಯ ಹಾಡಿಕೆಯನ್ನು ಪ್ರೀತಿ, ವಿರಹ, ಸಂಸಾರದ ಹಾಡುಗಳಿಗೆ ತಂದರು. ಚರ್ಚಿನವರಲ್ಲಿ ಎಷ್ಟೋ ಜನ ಸಿಟ್ಟಾದರು. ದೇವರಿಗೆ ಹಾಡುವ ಹಾಗೆ ಹೆಂಗಸಿನ ಮೇಲೆ ಹಾಡುವುದೇ ಅಂತ. 60ರ ದಶಕದಲ್ಲಿ ಡೆಟ್ರಾಯ್ಟ್‌ನ ಮೋಟೌನ್ ಕಂಪನಿ ಇದನ್ನು ನಯ ಮಾಡಿ ದೇಶಕ್ಕೆಲ್ಲ ಹಂಚಿತು. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ಒರಟನ್ನು ಹಾಗೇ ಉಳಿಸಿಕೊಂಡಿತು. ನನ್ನ ಮಟ್ಟಿಗೆ ಸೋಲ್‌ನ ಗುರುತು ಇಷ್ಟು. ಸ್ವರ ಶುದ್ಧವಾಗಿದೆಯೋ ಇಲ್ಲವೋ ಅನ್ನುವುದಕ್ಕಿಂತ ಹಾಡುವವರು ತಾವು ಕಂಡದ್ದನ್ನೇ ಹೇಳುತ್ತಿದ್ದಾರೋ ಇಲ್ಲವೋ ಅನ್ನುವುದು ಅಲ್ಲಿ ದೊಡ್ಡದು. ಹಾಗಂತ ಕಿರುಚಲೇಬೇಕು ಅಂತಿಲ್ಲ. ವಿದರ್ಸ್ ಕಿರುಚುವುದೇ ಇಲ್ಲ. ಜಗುಲಿ ಮೇಲೆ ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹಾಡುತ್ತಾರೆ.

ಮೊದಲ ಆಲ್ಬಮ್ 'ಜಸ್ಟ್ ಆ್ಯಸ್ ಐ ಆ್ಯಮ್' 1971ರಲ್ಲಿ ಬಂತು. ಮಾಡಿಸಿದವರು ಸ್ಟ್ಯಾಕ್ಸ್‌ನಲ್ಲಿ ಹೆಸರು ಮಾಡಿದ್ದ ಬುಕರ್ ಟಿ. ಜೋನ್ಸ್. ಸ್ಟುಡಿಯೋಗೆ ಬಂದ ವಿದರ್ಸ್, ಇವನ್ನೆಲ್ಲ ಹಾಡುವವರು ಯಾರು ಅಂತ ಕೇಳಿದರಂತೆ. ನೀವೇ ಅಂತ ಬುಕರ್ ಟಿ. ಹೇಳಬೇಕಾಯಿತು. ಡ್ರಮ್ಸ್, ಬಾಸ್ ಗಿಟಾರ್ ಹಿಡಿದು ಕೂತವರು ದೇಶದ ಅತ್ಯುತ್ತಮ ವಾದಕರು. ಅವರ ನಡುವೆ ಈ ಮೆಕ್ಯಾನಿಕ್‌ಗೆ ಕೈಕಾಲು ಆಡಲಿಲ್ಲ. ಅಲ್ಲಿಗೆ ಬಂದಿದ್ದ ಗಾಯಕ ಗ್ರಹಾಂ ನ್ಯಾಶ್ ಅವರ ಎದುರೇ ಕೂತು, ನೀವೆಷ್ಟು ಚೆನ್ನಾಗಿ ಹಾಡುತ್ತೀರಿ ಅಂತ ನಿಮಗೇ ಗೊತ್ತಿಲ್ಲ ಎಂದು ಧೈರ್ಯ ತುಂಬಿದರು. ಆಲ್ಬಮ್ಮಿನ ಹೊದಿಕೆಯ ಫೋಟೋ ತೆಗೆದದ್ದು ಕಾರ್ಖಾನೆಯಲ್ಲೇ, ಊಟದ ಬಿಡುವಿನಲ್ಲಿ. ಇಟ್ಟಿಗೆ ಗೋಡೆ, ಅದರ ಮುಂದೆ ಊಟದ ಡಬ್ಬಿ ಹಿಡಿದು ನಿಂತ ವಿದರ್ಸ್. ವೇಷ ಹಾಕಿ ತೆಗೆಸಿದ ಫೋಟೋ ಅಲ್ಲ ಅದು. ಫೋಟೋ ಮುಗಿದ ಮೇಲೆ ಅವರು ಒಳಗೆ ಹೋಗಿ ಕೆಲಸ ಮುಂದುವರಿಸಬೇಕಿತ್ತು.

ಆ ಆಲ್ಬಮ್ಮಿನ 'ಏಂಟ್ ನೋ ಸನ್‌ಶೈನ್' ಹಾಡನ್ನು ನೀವು ಕೇಳೇ ಇರುತ್ತೀರಿ. ಇದರ ಹತ್ತಿರ ಸ್ವಲ್ಪ ನಿಲ್ಲೋಣ. ನಾನು ಗಿಟಾರ್ ಕಲಿಸುವಾಗ ಮೂರನೇ ತಿಂಗಳಲ್ಲಿ ಎಲ್ಲರಿಗೂ ಈ ಹಾಡು ಕೊಡುತ್ತೇನೆ. ಎ ಮೈನರ್, ಇ ಮೈನರ್, ಜಿ, ಡಿ ಮೈನರ್. ನಾಲ್ಕೇ ಕಾರ್ಡ್. ನಿಮಗೆ ಬರುವಷ್ಟೇ! ಹಾಡು ಇರುವುದು ಎರಡು ನಿಮಿಷದ ಆಸುಪಾಸು. ಮೊದಲು ಸಂಗೀತ, ಆಮೇಲೆ ಹಾಡು ಅನ್ನುವ ಕ್ರಮವೇ ಇಲ್ಲ. ನೇರ ಕಂಠದಿಂದ ಶುರು. 1962ರ 'ಡೇಸ್ ಆಫ್ ವೈನ್ ಅಂಡ್ ರೋಸಸ್' ಎಂಬ ಸಿನಿಮಾ ನೋಡುವಾಗ ಈ ಹಾಡಿನ ಎಳೆ ಸಿಕ್ಕಿತು ಅಂತ ಅವರು ಹೇಳಿದ್ದಾರೆ. ಕುಡಿತಕ್ಕೆ ಬಿದ್ದ ಗಂಡ ಹೆಂಡತಿಯ ಕತೆ ಅದು. ತನಗೆ ಒಳ್ಳೆಯದಲ್ಲ ಅಂತ ಗೊತ್ತಿದ್ದರೂ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲುವ ಮನುಷ್ಯರು. ಇದನ್ನು ತಿಳಿದು ಕೇಳಿ. ಹೋದವಳನ್ನು ನೆನೆದು ಅಳುವ ಹಾಡು ಅಂತ ಅನ್ನಿಸುತ್ತಿದ್ದದ್ದು ಬೇರೆಯೇ ಆಗಿ ಕೇಳಿಸುತ್ತದೆ. ಅವಳು ಬಂದರೂ ಇವನಿಗೆ ಒಳ್ಳೆಯದಾಗುವುದಿಲ್ಲ ಅನ್ನುವ ಭಯ ಅದರಲ್ಲಿದೆ.

ಮಧ್ಯದಲ್ಲಿ 'ಐ ನೋ', ಅಂದರೆ 'ಗೊತ್ತು', ಅನ್ನುವ ಎರಡೇ ಪದ 26 ಸಲ ಬರುತ್ತದೆ. ಅಲ್ಲಿ ಮೂರನೇ ಚರಣ ಬರೆಯಬೇಕು ಅಂತ ವಿದರ್ಸ್ ಅಂದುಕೊಂಡಿದ್ದರು. ಸದ್ಯಕ್ಕೆ ಜಾಗ ತುಂಬಲು ಸುಮ್ನೆ ಹಾಗೆ ಹಾಡಿದ್ದರು. ಅಲ್ಲಿದ್ದ ವಾದಕರು, ಇದನ್ನು ಮುಟ್ಟಬೇಡಿ, ಹೀಗೇ ಇರಲಿ ಎಂದರು. ಅವರು ತನಗಿಂತ ತಿಳಿದವರು ಅಂತ ವಿದರ್ಸ್ ಮಾತು ಕೇಳಿದರು. ಆ ಜಾಗದಲ್ಲಿ ಬೇರೆ ವಾದ್ಯಗಳೆಲ್ಲ ಸರಿದು ಕಂಠ ಮತ್ತು ತಾಳ ಮಾತ್ರ ಉಳಿಯುತ್ತದೆ. ಗೊತ್ತು, ಗೊತ್ತು, ಗೊತ್ತು. ಏನು ಗೊತ್ತು ಅಂತ ಹೇಳುವುದೇ ಇಲ್ಲ. ನನಗೆ ಅಲ್ಲಿ ಇನ್ನೊಂದು ವಿಷಯವೂ ಕೇಳಿಸುತ್ತದೆ. ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡು ಮುಂದೆ ಹೋಗಲಾಗದ ಸಂಕಟ ಈ ಮನುಷ್ಯನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಇದು ನನ್ನ ಊಹೆ, ಅವರು ಹಾಗೆ ಹೇಳಿದ್ದಲ್ಲ. ಆದರೆ ಒಮ್ಮೆ ಹಾಗೆ ಕೇಳಿಸಿಕೊಂಡ ಮೇಲೆ ನನಗೆ ಬೇರೆ ಥರ ಕೇಳಿಸುತ್ತಿಲ್ಲ.

ಕಂಪನಿಯವರು ಈ ಹಾಡನ್ನು ಡಿಸ್ಕಿನ ಹಿಂಬದಿಗೆ ಹಾಕಿದ್ದರು. ರೇಡಿಯೋದವರು ಡಿಸ್ಕ್ ತಿರುಗಿಸಿ ಇದನ್ನೇ ಹಾಕತೊಡಗಿದರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಮುಂದಿನ ವರ್ಷ ಅಲ್ಲಿನ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿ ಬಂತು. ಇಷ್ಟಾದರೂ ವಿದರ್ಸ್ ಕೆಲಸ ಬಿಡಲು ಅವಸರ ಮಾಡಲಿಲ್ಲ. ಹಾಡಿನ ಧಂದೆಯಲ್ಲಿ ನಾಳೆ ಏನೋ ಯಾರಿಗೆ ಗೊತ್ತು ಅನ್ನುವುದು ಅವರ ಲೆಕ್ಕ. ಆ ನಡುವೆ ಕಾರ್ಖಾನೆಯಲ್ಲಿ ಲೇ ಆಫ್ ಆಗಿತ್ತು. ಆಮೇಲೆ ಒಂದು ದಿನ ಎರಡು ಕಾಗದ ಒಟ್ಟಿಗೆ ಬಂದವು ಅಂತ ಅವರು ನೆನೆಸಿಕೊಳ್ಳುತ್ತಿದ್ದರು. ಒಂದು, ಕೆಲಸಕ್ಕೆ ವಾಪಸ್ ಬನ್ನಿ ಅಂತ. ಇನ್ನೊಂದು, ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮಕ್ಕೆ ಬಂದು ಹಾಡಿ ಅಂತ. ಆಗ ಇಡೀ ಅಮೆರಿಕ ರಾತ್ರಿ ಕೂತು ನೋಡುತ್ತಿದ್ದ ಕಾರ್ಯಕ್ರಮ ಅದು.

1972ರಲ್ಲಿ 'ಸ್ಟಿಲ್ ಬಿಲ್' ಬಂತು. ನನ್ನನ್ನು ಕೇಳಿದರೆ ಇದೇ ಅವರ ಅತ್ಯುತ್ತಮ ಆಲ್ಬಮ್. ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಹೆಸರಿದ್ದ ಒಂದು ಬ್ಯಾಂಡಿನ ವಾದಕರು ಈಗ ಜೊತೆಗಿದ್ದರು. ಡ್ರಮ್ಸ್‌ನಲ್ಲಿ ಜೇಮ್ಸ್ ಗ್ಯಾಡ್ಸನ್. ಬೇರೆಲ್ಲ ಬಿಟ್ಟು 'ಯೂಸ್ ಮೀ' ಹಾಡಿನಲ್ಲಿ ಅವರ ಕೈಯೊಂದನ್ನೇ ಕೇಳಿ. ಎಷ್ಟು ಕಡಿಮೆ ಬಾರಿಸುತ್ತಾರೆ ಅಂತ ಗಮನಿಸಿ. ಆ ಹಾಡು 2ನೇ ಸ್ಥಾನಕ್ಕೆ ಬಂತು. ಅದಕ್ಕೂ ಮೊದಲು ಬಂದ 'ಲೀನ್ ಆನ್ ಮೀ', ಅಂದರೆ 'ನನ್ನ ಮೇಲೆ ಒರಗು', ಆ ಜುಲೈನಲ್ಲಿ ಮೂರು ವಾರ 1ನೇ ಸ್ಥಾನದಲ್ಲಿತ್ತು.

'ಲೀನ್ ಆನ್ ಮೀ' ಹುಟ್ಟಿದ್ದು ಒಂದು ಹೊಸ ಎಲೆಕ್ಟ್ರಿಕ್ ಪಿಯಾನೋ ಮೇಲೆ. ಪಿಯಾನೋ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಬೆರಳುಗಳನ್ನು ಪಿಯಾನೋದ ಪಕ್ಕಪಕ್ಕದ ಮನೆಗಳ (ಕೀಗಳ) ಮೇಲೆ ಮೇಲಕ್ಕೆ ಕೆಳಕ್ಕೆ ಜರುಗಿಸುತ್ತಾ ಹೋದರು, ಮಕ್ಕಳು ಮೊದಲ ದಿನ ಮಾಡುವ ಹಾಗೆ. ನಮ್ಮ ಸ್ವರದಲ್ಲಿ ಹೇಳಿದರೆ ಹಾಡಿನ ಮೊದಲ ಸಾಲು ಸ ಸ ರಿ ಗ ಮ. ಎರಡನೇ ಸಾಲು ಮ ಗ ರಿ ಸ. ಶಂಕರಾಭರಣದ ಸ್ವರಗಳು, ಮೆಟ್ಟಿಲು ಹತ್ತಿದ ಹಾಗೆ ಹತ್ತುವುದು, ಇಳಿದ ಹಾಗೆ ಇಳಿಯುವುದು. ಸರಳೆ ವರಸೆ ಕಲಿತ ಮಗು ಹತ್ತು ನಿಮಿಷದಲ್ಲಿ ಹಾರ್ಮೋನಿಯಂನಲ್ಲಿ ನುಡಿಸಿಬಿಡುತ್ತದೆ. ಚರ್ಚಿನಲ್ಲಿ, ಶಾಲೆಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಸಂಗೀತ ಬಾರದ ನೂರು ಜನ ಒಟ್ಟಿಗೆ ಹಾಡಬಲ್ಲ ಹಾಡು ಇದಾಗಿದ್ದು ಅದಕ್ಕೇ. ಕಲಿತವರಾಗಿದ್ದರೆ ಇಷ್ಟು ಸರಳವಾದದ್ದನ್ನು ಬಿಡಲು ಧೈರ್ಯ ಮಾಡುತ್ತಿರಲಿಲ್ಲವೇನೋ.

ಆ ಹಾಡಿನ ಮಾತು ಬಂದದ್ದು ಸ್ಲ್ಯಾಬ್ ಫೋರ್ಕ್‌ನಿಂದ. ಗಣಿ ಊರಲ್ಲಿ ಒಬ್ಬರ ಮನೆಯಲ್ಲಿ ಕಷ್ಟವಾದರೆ ಪಕ್ಕದ ಮನೆಯವರು ಬರುತ್ತಿದ್ದರು. ಲಾಸ್ ಏಂಜಲೀಸ್‌ನಲ್ಲಿ ಅದು ಕಾಣಲಿಲ್ಲ. ಇದೇ ಹಾಡಿನ ಬಗ್ಗೆ ಮಾತಾಡುವಾಗ ಅವರು ಇನ್ನೊಂದು ಘಟನೆಯನ್ನೂ ಹೇಳುತ್ತಿದ್ದರು. ನೌಕಾಪಡೆಯಲ್ಲಿದ್ದ ದಿನಗಳಲ್ಲಿ ಅಲಬಾಮಾದ ಹಳ್ಳಿ ರಸ್ತೆಯೊಂದರಲ್ಲಿ ಅವರ ಕಾರಿನ ಟೈರ್ ಸಿಡಿಯಿತು. ಸ್ಟೆಪ್ನಿ ಇಲ್ಲ. ಗುಡ್ಡದ ಕಡೆಯಿಂದ ಒಬ್ಬ ಬಿಳಿಯ ಹಳ್ಳಿಗ ಬಂದ. ಆ ಕಾಲದ ಅಲಬಾಮಾದಲ್ಲಿ ಒಂಟಿ ಕಪ್ಪು ಯುವಕನಿಗೆ ಆಗ ಏನನ್ನಿಸಿರಬೇಕು! ಆತ ಏನೂ ಹೆಚ್ಚು ಮಾತಾಡದೆ ವಾಪಸ್ ನಡೆದುಹೋಗಿ ಒಂದು ಟೈರ್ ತಂದ. ನಿಂತು ಹಾಕಿಸಿಯೂ ಕೊಟ್ಟ. ಹಾಡಿನ ಮಾತು ಎಷ್ಟು ಅಳತೆಯಲ್ಲಿದೆ ನೋಡಿ. ಇವತ್ತು ನೀನು ನನ್ನ ಮೇಲೆ ಒರಗು, ನಾಳೆ ನನಗೂ ಬೇಕಾಗುತ್ತದೆ ಅನ್ನುವ ಲೆಕ್ಕ ಅದರೊಳಗೇ ಇದೆ. ಅದಕ್ಕೇ ಅದು ಉಪದೇಶದ ಹಾಗೆ ಕೇಳಿಸುವುದಿಲ್ಲ.

ಇನ್ನು ಹೋದದ್ದರ ಕತೆ. 1974ರ ಹೊತ್ತಿಗೆ ಸಸೆಕ್ಸ್ ಕಂಪನಿಯ ಜೊತೆ ಹಣದ ಜಗಳ ಶುರುವಾಯಿತು. 1975ರಲ್ಲಿ ಆ ಕಂಪನಿಯೇ ಮುಚ್ಚಿತು. ವಿದರ್ಸ್ ದೊಡ್ಡ ಕಂಪನಿ ಕೊಲಂಬಿಯಾಗೆ ಹೋದರು. ಮೊದಮೊದಲು ಚೆನ್ನಾಗಿತ್ತು. 1977ರ 'ಲವ್ಲಿ ಡೇ' ಅಲ್ಲಿಯದೇ. ಕೊನೆಯಲ್ಲಿ ಒಂದು ಸ್ವರವನ್ನು 18 ಸೆಕೆಂಡ್ ಹಿಡಿದು ನಿಲ್ಲಿಸುತ್ತಾರೆ. ನೀವು ಗಡಿಯಾರ ಹಿಡಿದು ಪ್ರಯತ್ನಿಸಿ ನೋಡಿ. ಮಾತಿಗೆ ಉಸಿರು ಸಿಗದೆ ಒದ್ದಾಡಿದ ಹುಡುಗ ಅವರು ಅನ್ನುವುದು ಮನಸ್ಸಿನಲ್ಲಿರಲಿ.

ದೊಡ್ಡ ಕಂಪನಿಗಳಲ್ಲಿ ಎ ಅಂಡ್ ಆರ್ (ಆರ್ಟಿಸ್ಟ್ಸ್ ಅಂಡ್ ರೆಪರ್ಟ್ವಾರ್) ಅಂತ ಒಂದು ವಿಭಾಗ ಇರುತ್ತದೆ. ಯಾವ ಹಾಡುಗಾರ ಯಾವ ಹಾಡು, ಯಾವ ರೀತಿ ಹಾಡಬೇಕು ಅಂತ ನೋಡುವವರು. ಹಾಡಿನ ಶುರುವಿಗೆ ಸಂಗೀತ ಯಾಕಿಲ್ಲ, ತುತ್ತೂರಿ ಯಾಕಿಲ್ಲ ಅಂತ ಕೇಳತೊಡಗಿದರು. ಕಪ್ಪು ಜನ ಏನು ಕೇಳುತ್ತಾರೆ ಅಂತ ಅವರಿಗೇ ಪಾಠ ಹೇಳಲು ಬಂದರು. ಒಬ್ಬರಂತೂ, ಬಿಳಿಯ ಹಾಡುಗಾರ ಎಲ್ವಿಸ್ ಪ್ರೆಸ್ಲಿ ಹಾಡಿದ್ದ, ಬಡವರ ಕೇರಿಯ ಮೇಲಿನ 'ಇನ್ ದ ಗೆಟೊ' ಹಾಡನ್ನು ನೀವೂ ಹಾಡಿ ಅಂತ ಸಲಹೆ ಕೊಟ್ಟರಂತೆ. ತಾನೇ ಬರೆದು 1ನೇ ಸ್ಥಾನಕ್ಕೆ ಏರಿಸಿದವರಿಗೆ, ಬಡತನವನ್ನು ಹುಟ್ಟಿದಾಗಿನಿಂದ ಕಂಡವರಿಗೆ ಈ ಸಲಹೆ. ಎ ಅಂಡ್ ಆರ್ ಅಂದರೆ 'ಆಂಟಗನಿಸ್ಟಿಕ್ ಅಂಡ್ ರಿಡಂಡೆಂಟ್', ಅಡ್ಡ ಬರುವವರು, ಇಲ್ಲದಿದ್ದರೂ ನಡೆಯುವವರು ಅನ್ನುವ ಅರ್ಥ ಬರುವ ಹಾಗೆ ವಿದರ್ಸ್ ಆ ಅಕ್ಷರಗಳನ್ನೇ ಬಿಡಿಸಿ ಹೇಳುತ್ತಿದ್ದರು.

1978ರ ನಂತರ 1985ರವರೆಗೆ ಅವರದೇ ಒಂದು ಆಲ್ಬಮ್ಮೂ ಬರಲಿಲ್ಲ. ಹಾಡು ಬತ್ತಿತ್ತು ಅಂತಲ್ಲ. ಆ ನಡುವೆಯೇ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ಆಲ್ಬಮ್ಮಿಗೆ, ಬೇರೆ ಕಂಪನಿಗೆ, ಹೋಗಿ 'ಜಸ್ಟ್ ದ ಟೂ ಆಫ್ ಅಸ್' ಹಾಡಿದರು. ಜೊತೆಗೆ ಇನ್ನಿಬ್ಬರು ಸೇರಿ ಬರೆದ ಹಾಡು. 1981ರಲ್ಲಿ ಅದು 2ನೇ ಸ್ಥಾನಕ್ಕೆ ಬಂತು, ಎರಡನೇ ಗ್ರ್ಯಾಮಿ ತಂದಿತು. 1985ರಲ್ಲಿ ಕೊಲಂಬಿಯಾದಲ್ಲಿ ಕೊನೆಯ ಆಲ್ಬಮ್ 'ವಾಚಿಂಗ್ ಯು ವಾಚಿಂಗ್ ಮೀ' ಬಂತು. ಆಮೇಲೆ ಇನ್ನು ಸಾಕು ಅಂದರು. ಬೀಳ್ಕೊಡುಗೆ ಕಛೇರಿ ಇಲ್ಲ, ಪತ್ರಿಕೆಗಳಲ್ಲಿ ಜಗಳ ಇಲ್ಲ.

ಇದನ್ನು ದುರಂತ ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರ ಜಾಗದಲ್ಲಿ ಇಪ್ಪತ್ತರ ಹುಡುಗನಾಗಿ ಬಂದವರು ಇದ್ದಿದ್ದರೆ, ವೇದಿಕೆ ಬಿಟ್ಟರೆ ನಾನು ಯಾರು ಅನ್ನುವ ಭಯಕ್ಕೆ ಬಿದ್ದು ಆ ಸಲಹೆಯ ಹಾಡನ್ನೂ ಹಾಡುತ್ತಿದ್ದರೇನೋ. ವಿದರ್ಸ್‌ಗೆ ಆ ಪ್ರಶ್ನೆ ಇರಲಿಲ್ಲ. ಅವರು ನಾವಿಕರಾಗಿದ್ದರು, ಹಾಲು ಹಾಕಿದ್ದರು, ವಿಮಾನದ ಟಾಯ್ಲೆಟ್ ಜೋಡಿಸಿದ್ದರು. ಈಗ ಹೆಂಡತಿ ಮಾರ್ಷಾ, ಮಕ್ಕಳಾದ ಟಾಡ್ ಮತ್ತು ಕೋರಿ ಇದ್ದರು. 1976ರಲ್ಲಿ ಮದುವೆಯಾದ ಮಾರ್ಷಾ ಹಾಡಿನ ಹಕ್ಕುಗಳ ವ್ಯವಹಾರವನ್ನು ಕೈಗೆತ್ತಿಕೊಂಡರು.

ನೀವು ಹಾಡು ಬರೆಯುವವರು, ಆದ್ದರಿಂದ ಈ ಹಕ್ಕಿನ ವಿಷಯ ಸರಿಯಾಗಿ ತಿಳಿಯಬೇಕು. ಒಂದು ಹಾಡಿಗೆ ಎರಡು ಹಕ್ಕು ಇರುತ್ತವೆ. ಮಾತು ಮತ್ತು ಮಟ್ಟಿನದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಅಮೆರಿಕದಲ್ಲಿ ಸಾಮಾನ್ಯ ರೇಡಿಯೋ ಕೇಂದ್ರಗಳು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ವಿದರ್ಸ್ ಬರೀ ಹಾಡುಗಾರ ಆಗಿದ್ದರೆ 1985ರ ನಂತರ ಕಷ್ಟವಾಗುತ್ತಿತ್ತು. ಬರೆದವರೂ ಅವರೇ ಆದ್ದರಿಂದ ಬೇರೆಯವರು ಹಾಡಿದಾಗಲೂ ಪಾಲು ಬರುತ್ತಿತ್ತು. 1987ರಲ್ಲಿ ಕ್ಲಬ್ ನೂವೋ ಎಂಬ ತಂಡ 'ಲೀನ್ ಆನ್ ಮೀ' ಹಾಡನ್ನು ಹೊಸ ತಾಳದಲ್ಲಿ ಹಾಡಿ ಮತ್ತೆ 1ನೇ ಸ್ಥಾನಕ್ಕೆ ತಂದಿತು. ಮನೆಯಲ್ಲಿ ಕೂತಿದ್ದ ವಿದರ್ಸ್‌ಗೆ ಬರೆದವರು ಅನ್ನುವ ಲೆಕ್ಕದಲ್ಲಿ ಮೂರನೇ ಗ್ರ್ಯಾಮಿ ಬಂತು. 1996ರಲ್ಲಿ ಬ್ಲ್ಯಾಕ್‌ಸ್ಟ್ರೀಟ್ ತಂಡದ 'ನೋ ಡಿಗಿಟಿ' ಹಾಡು ಅವರ 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಹಾಡಿನ ತುಣುಕನ್ನು ಇಟ್ಟುಕೊಂಡು ಊರೆಲ್ಲ ಸುತ್ತಿತು.

ನಮ್ಮಲ್ಲೂ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾದಲ್ಲೋ ಧ್ವನಿಮುದ್ರಣದಲ್ಲೋ ಬಳಸಿದ ಹಾಡಿಗೆ ಮಾತು ಬರೆದವರು, ಮಟ್ಟು ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಬಿಟ್ಟುಕೊಟ್ಟೆ ಅಂತ ಬರೆದುಕೊಡಲು ಬರುವುದಿಲ್ಲ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದು ಮಾತ್ರ ಇದರಿಂದ ಹೊರಗೆ. ಈ ಹಣ ವಸೂಲು ಮಾಡಿ ಹಂಚಲು ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ನಿಮ್ಮ ಹಾಡು ಯಾವುದಾದರೂ ಹೊರಬರುವ ದಿನ ಬಂದರೆ ಅಲ್ಲಿ ಸದಸ್ಯರಾಗಿ. ಯಾರಾದರೂ ಒಂದೇ ಸಲದ ದುಡ್ಡು ಕೊಟ್ಟು ಇಲ್ಲೊಂದು ಸಹಿ ಹಾಕಿ ಅಂದರೆ ಕಾಗದವನ್ನು ಮನೆಗೆ ತಂದು ವಕೀಲರಿಗೆ ತೋರಿಸಿ. ನನ್ನ ಒಬ್ಬ ಶಿಷ್ಯ ಹೀಗೆ ಓದದೆ ಸಹಿ ಹಾಕಿ ಎರಡು ವರ್ಷ ತನ್ನ ಹಾಡನ್ನು ತಾನೇ ವೇದಿಕೆಯಲ್ಲಿ ಹಾಡಲು ಹೆದರುತ್ತಿದ್ದ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊನೆಯ ವರ್ಷಗಳಲ್ಲಿ ಅವರು ಕಹಿಯಾಗಿರಲಿಲ್ಲ. 2009ರಲ್ಲಿ ಅವರ ಮೇಲೆ ಬಂದ ಸಾಕ್ಷ್ಯಚಿತ್ರದಲ್ಲಿ ತೊದಲು ಮಾತಿನ ಮಕ್ಕಳ ನಾಟಕ ತಂಡವೊಂದಕ್ಕೆ ಭೇಟಿ ಕೊಡುವ ದೃಶ್ಯ ಇದೆ. ಆ ಮಕ್ಕಳ ಮುಂದೆ ಆ ಮುದುಕರ ಕಣ್ಣು ತುಂಬಿ ಬರುತ್ತದೆ. ನನಗೆ ಅವರ ಎಲ್ಲ ಪ್ರಶಸ್ತಿಗಳಿಗಿಂತ ಅದು ದೊಡ್ಡದು. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವದ ಸಾಲಿಗೆ ಅವರನ್ನು ಬರಮಾಡಿಕೊಂಡವರು ಹಾಡುಗಾರ ಸ್ಟೀವಿ ವಂಡರ್. 2020ರ ಮಾರ್ಚ್ 30ರಂದು ಹೃದಯದ ತೊಂದರೆಯಿಂದ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. 81 ವರ್ಷ. ಕೊರೊನಾ ಶುರುವಾಗಿದ್ದ ದಿನಗಳು. ಬಾಗಿಲು ಹಾಕಿಕೊಂಡು ಕೂತ ಜನ ಆಗಲೇ 'ಲೀನ್ ಆನ್ ಮೀ' ಹಾಡಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು.

ನೀವು ಏನು ಕಲಿಯಬಹುದು ಅಂದಿರಿ. ಕೆಲಸ ಬಿಡಬೇಡಿ ಅಂತಲೋ ಬಿಡಿ ಅಂತಲೋ ನಾನು ಹೇಳಲಾರೆ. ಮನೆಯ ಲೆಕ್ಕ ನಿಮಗೇ ಗೊತ್ತು. ಬರೆಯುವುದರ ಬಗ್ಗೆ ಒಂದೆರಡು ಮಾತು ಹೇಳಬಲ್ಲೆ. ಪ್ರಶ್ನೆಯ ಜೊತೆ ನೀವು ಬರೆದು ಕಳಿಸಿದ ಎರಡು ಹಾಡುಗಳಲ್ಲಿ ಬೆಳದಿಂಗಳು, ಕಡಲು, ದೋಣಿ ಎಲ್ಲ ಇವೆ. ಮೆಷಿನ್ ಇಲ್ಲ. ಕೂಲಂಟ್ ವಾಸನೆ ಇಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುವವರು ಇಲ್ಲ. ವಿದರ್ಸ್ ಕಾರ್ಖಾನೆಯ ಮೇಲೆ ಹಾಡು ಬರೆದರು ಅಂತಲ್ಲ. ಆದರೆ ಅಜ್ಜಿಯ ಕೈ ಅಂದಾಗ ಆ ಕೈ ಅವರು ಹಿಡಿದು ನೋಡಿದ್ದ ಕೈ. ನಿಮ್ಮ ಒಂದು ಹಾಡಿನ ಎರಡನೇ ಚರಣದಲ್ಲಿ ಅಮ್ಮ ಡಬ್ಬಿಗೆ ಎರಡು ರೊಟ್ಟಿ ಜಾಸ್ತಿ ಹಾಕುವ ಸಾಲು ಇದೆಯಲ್ಲ, ಅದೊಂದು ಸಾಲನ್ನು ನಾನು ನಾಲ್ಕು ಸಲ ಓದಿದೆ. ಹಾಡನ್ನು ಅಲ್ಲಿಂದ ಶುರು ಮಾಡಿ ನೋಡಿ.

ಮುಂದೆ ಏನು ಕೇಳಲಿ ಅಂದರೆ, ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ 1972ರ ಅಕ್ಟೋಬರ್ 6ರಂದು ಮುದ್ರಿಸಿಕೊಂಡ ಕಛೇರಿ ಕೇಳಿ. ಅದರಲ್ಲಿ 'ಐ ಕಾಂಟ್ ರೈಟ್ ಲೆಫ್ಟ್ ಹ್ಯಾಂಡೆಡ್' ಅಂತ ಒಂದು ಹಾಡಿದೆ. ವಿಯೆಟ್ನಾಂ ಯುದ್ಧದಿಂದ ಬಂದ ಹುಡುಗನಿಗೆ ಬಲಗೈ ಇಲ್ಲ. ಎಡಗೈಯಲ್ಲಿ ಬರೆಯಲು ಬಾರದು. ಅಮ್ಮನಿಗೆ ಒಂದು ಕಾಗದ ಬರೆದುಕೊಡಿ ಅಂತ ಯಾರನ್ನೋ ಕೇಳಿಕೊಳ್ಳುತ್ತಾನೆ. 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಕೂಡ ಅದರಲ್ಲಿದೆ. ಹಾಡಿಗೆ ಮುಂಚೆ ಅಜ್ಜಿಯ ಬಗ್ಗೆ, ಅವರ ಚರ್ಚಿನ ಬಗ್ಗೆ ವಿದರ್ಸ್ ಒಂದಷ್ಟು ಹೊತ್ತು ಸುಮ್ನೆ ಮಾತಾಡುತ್ತಾರೆ, ಸಭೆ ನಗುತ್ತದೆ. ಆ ಮಾತನ್ನು ದಾಟಿಸಬೇಡಿ. ಪೂರ್ತಿ ಕೇಳಿ. ಒಂದು ಕಡೆಯೂ ತೊದಲುವುದಿಲ್ಲ.